ಕುದುರೆಮುಖದ ಬುಡದಲ್ಲಿ ಎರಡು ರಾತ್ರಿ: ಒಂದು ಬೆಟ್ಟದ ನೂರು ವರ್ಷದ ಕಥೆ

ಕುದುರೆಮುಖ ಅನ್ನೋ ಹೆಸರು ಘಟ್ಟದ ಮೇಲಿನವರು ಇಟ್ಟಿದ್ದಲ್ಲ. ಕಡಲ ಕಡೆಯಿಂದ ನೋಡಿದರೆ ಮಾತ್ರ ಆ ಶಿಖರ ಕುದುರೆಯ ಮುಖದ ಹಾಗೆ ಕಾಣುತ್ತದೆ. ಅರಬ್ಬಿ ಸಮುದ್ರದಲ್ಲಿ ಹಡಗು ನಡೆಸುವವರಿಗೆ ಅದು ದಿಕ್ಕು ಹಿಡಿಯುವ ಗುರುತಾಗಿತ್ತು. ಕಳಸ, ಸಂಸೆಯ ಕಡೆಯಿಂದ ನೋಡುವವರಿಗೆ ಕುದುರೆಯೂ ಇಲ್ಲ, ಮುಖವೂ ಇಲ್ಲ. ಹುಲ್ಲಿನ ಗುಡ್ಡಗಳ ಸಾಲಿನ ಹಿಂದೆ ಇನ್ನೊಂದು ದೊಡ್ಡ ಗುಡ್ಡ, ಅಷ್ಟೇ. ಹಿಂದೆ ಈ ಬೆಟ್ಟಕ್ಕೆ ಸಂಸೆಪರ್ವತ ಎಂಬ ಹೆಸರೂ ಇತ್ತು. ಸಂಸೆ ಊರಿನ ಮೇಲೆ ಹತ್ತಿ ಹೋಗುವ ಪರ್ವತ. ಕೊನೆಗೆ ನಿಂತ ಹೆಸರು ಮಾತ್ರ ದೂರದಿಂದ ನೋಡಿದವರದ್ದು. ಈ ಬೆಟ್ಟದ ಮುಂದಿನ ಕಥೆಯೂ ಹೆಚ್ಚು ಕಡಿಮೆ ಹಾಗೇ ನಡೆದಿದೆ.

ಡಿಸೆಂಬರ್‌ನ ಒಂದು ಶುಕ್ರವಾರ ಸಂಜೆ ನಾವು ನಾಲ್ಕು ಮನೆಯವರು ಅಲ್ಲಿಗೆ ಹೋದೆವು. ಪತ್ರಿಕೋದ್ಯಮ ಓದುವಾಗ ಒಂದೇ ಹಾಸ್ಟೆಲ್‌ನಲ್ಲಿದ್ದವರು ನಾವು. ಈಗ ಎಲ್ಲರಿಗೂ ಮಕ್ಕಳಿದ್ದಾರೆ. ಆರು ಮಕ್ಕಳು, ಐದು ವರ್ಷದಿಂದ ಹನ್ನೆರಡರವರೆಗೆ. ಮಕ್ಕಳಿಗೆ ಬೇಕಾಗಿದ್ದು ಒಂದೇ: ಟೆಂಟ್‌ನಲ್ಲಿ ಮಲಗಬೇಕು.

ಕಾಡಿನೊಳಗೆ ಟೆಂಟ್ ಹಾಕುವ ಹಾಗಿಲ್ಲ. ಅದು ರಾಷ್ಟ್ರೀಯ ಉದ್ಯಾನ. ಮುಂಗಡ ಟಿಕೆಟ್ ಮಾಡಿಸಿ ಬೆಳಿಗ್ಗೆ ಹತ್ತಬೇಕು, ಸಂಜೆಯೊಳಗೆ ಇಳಿಯಬೇಕು, ರಾತ್ರಿ ಉಳಿಯುವಂತಿಲ್ಲ. ಹಾಗಾಗಿ ಬೆಟ್ಟದ ಬುಡದ ಹಳ್ಳಿಯೊಂದರಲ್ಲಿ, ಹೋಂಸ್ಟೇ ನಡೆಸುವ ಮನೆಯ ಅಂಗಳದಲ್ಲಿ, ಅಡಿಕೆ ಒಣಗಿಸುವ ಜಾಗದ ಪಕ್ಕ ನಮ್ಮ ಟೆಂಟ್‌ಗಳು ಎದ್ದವು. ಮನೆಯ ಅಜ್ಜಿ ಜಗಲಿಯಲ್ಲಿ ಕೂತು ನೋಡುತ್ತಿದ್ದರು. "ಎಂತಕ್ಕೆ ಮಾರಾಯ್ರೆ, ಒಳಗೆ ಕೋಣೆ ಉಂಟಲ್ಲ" ಅಂದರು. ಕ್ಯಾಂಪ್ ಅಂತ ಮಕ್ಕಳು ಹೇಳಿದರು. ಅಜ್ಜಿಗೆ ಕ್ಯಾಂಪ್ ಗೊತ್ತು. ನಮ್ಮ ಹಳ್ಳಿಗಳಲ್ಲಿ ಯಾರಿಗೆ ಗೊತ್ತಿಲ್ಲ? ಕಚೇರಿಗೆ ಹೋದಾಗೆಲ್ಲ "ಸಾಹೇಬರು ಕ್ಯಾಂಪ್‌ನಲ್ಲಿದ್ದಾರೆ, ನಾಳೆ ಬನ್ನಿ" ಎಂದು ಕೇಳಿಸಿಕೊಂಡವರೇ ನಾವೆಲ್ಲ.

ಈ ಬೆಟ್ಟದಲ್ಲಿ ಮೊದಲು ಕ್ಯಾಂಪ್ ಮಾಡಿದವರೂ ಸಾಹೇಬರೇ. ಅದನ್ನು ಹೇಳುವ ಮೊದಲು ಸ್ವಲ್ಪ ಹಿಂದೆ ಹೋಗೋಣ.

ಈ ಘಟ್ಟ ಒಂದು ಕಾಲದಲ್ಲಿ ಗಡಿ ಆಗಿರಲಿಲ್ಲ. ಕಳಸ ಮತ್ತು ಕಾರ್ಕಳ ಎರಡನ್ನೂ ಆಳಿದವರು ಒಂದೇ ಮನೆತನದವರು, ಜೈನ ಭೈರರಸರು. ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದ ವೀರಪಾಂಡ್ಯ ಇದೇ ಮನೆತನದವನು. ಮೇಲೊಂದು ಊರು, ಕೆಳಗೊಂದು ಊರು, ನಡುವೆ ಘಟ್ಟ ಹತ್ತಿ ಇಳಿಯುವ ದಾರಿಗಳು. ಹೇರೆತ್ತುಗಳ ಮೇಲೆ ಕೆಳಗಿನಿಂದ ಉಪ್ಪು ಬರುತ್ತಿತ್ತು, ಮೇಲಿನಿಂದ ಅಕ್ಕಿ, ಮೆಣಸು ಇಳಿಯುತ್ತಿತ್ತು. ಬೆಟ್ಟ ಗಡಿಯಾಗಿದ್ದು 1799ರಲ್ಲಿ ಟಿಪ್ಪು ಸತ್ತ ಮೇಲೆ. ಕೆಳಗಿನ ಕರಾವಳಿ ಇಂಗ್ಲಿಷರ ಕೈಗೆ ಹೋಯಿತು, ಮೇಲಿನ ಭಾಗ ಮೈಸೂರಿನ ಒಡೆಯರಿಗೆ ಉಳಿಯಿತು. ಅಲ್ಲಿಂದ 1956ರವರೆಗೆ ಈ ಶಿಖರದ ಒಂದು ಮಗ್ಗುಲು ಒಂದು ಸರ್ಕಾರದ್ದು, ಇನ್ನೊಂದು ಮಗ್ಗುಲು ಬೇರೆ ಸರ್ಕಾರದ್ದು. ಬೀಗರ ಮನೆಗೆ ಹೋಗಬೇಕಾದರೆ ಮೈಸೂರು ಬಿಟ್ಟು ಮದರಾಸು ಪ್ರಾಂತ್ಯಕ್ಕೆ ಇಳಿಯಬೇಕಿತ್ತು.

ಕೆಳಗೆ ಮಂಗಳೂರಿನಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳಿಗೆ ಏಪ್ರಿಲ್, ಮೇ ತಿಂಗಳ ಸೆಕೆ ತಡೆಯಲು ಆಗುತ್ತಿರಲಿಲ್ಲ. ಊಟಿ ದೂರ. ಕಣ್ಣೆದುರಿಗೇ ಸುಮಾರು 1,890 ಮೀಟರ್ ಎತ್ತರದ ಬೆಟ್ಟ. ದಕ್ಷಿಣ ಕನ್ನಡದ ಅಧಿಕಾರಿಗಳು ಕುದುರೆಮುಖದ ಮೇಲೆ ಬಂಗಲೆ ಕಟ್ಟಿಸಿ ಬೇಸಿಗೆಯಲ್ಲಿ ಅಲ್ಲಿ ತಂಗುತ್ತಿದ್ದರು. ಶಿಖರಕ್ಕೆ ಸ್ವಲ್ಪ ಕೆಳಗೆ ಇವತ್ತಿಗೂ ಪಾಳುಬಿದ್ದ ಕಲ್ಲಿನ ಗೋಡೆಗಳಿವೆ. ಗೈಡ್‌ಗಳು ಅದನ್ನು ಚರ್ಚು ಅನ್ನುತ್ತಾರೆ.

ಆ ಸಾಹೇಬರು ಹತ್ತಿದ್ದು ಹೇಗೆ? ಮಂಚ, ಪಾತ್ರೆ, ದಿನಸಿ ಎಲ್ಲ ಮೇಲೆ ಹೋಗಿದ್ದು ಹೇಗೆ? ಹೊತ್ತವರ ಹೆಸರು ಎಲ್ಲೂ ಇಲ್ಲ. ನಾವು ಶನಿವಾರ ಬೆಳಿಗ್ಗೆ ಹತ್ತುವಾಗ ಅದೇ ಮಾತು ಬಂತು. ನಮ್ಮ ಬೆನ್ನಿಗೆ ಎರಡು ಬಾಟಲಿ ನೀರು, ಚಪಾತಿ, ಬಾಳೆಹಣ್ಣು ಬಿಟ್ಟರೆ ಏನೂ ಇರಲಿಲ್ಲ. ಅಷ್ಟಕ್ಕೇ ಏದುಸಿರು.

ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡಿಗೆ. ಐದು ವರ್ಷದವನ ಕೈಯಲ್ಲಿ ಆಗುವ ಮಾತಲ್ಲ. ಒಂಟಿ ಮರ ಅಂತ ಒಂದು ಜಾಗವಿದೆ, ಬಯಲಲ್ಲಿ ಒಂದೇ ಮರ, ಎಲ್ಲರೂ ಕೂತು ಸುಧಾರಿಸಿಕೊಳ್ಳುವುದು ಅಲ್ಲಿ. ಸಣ್ಣ ಮಕ್ಕಳು ಮತ್ತು ಅವರ ಅಮ್ಮಂದಿರಲ್ಲಿ ಇಬ್ಬರು, ಅಪ್ಪಂದಿರಲ್ಲಿ ಒಬ್ಬರು ಅಲ್ಲಿಂದಲೇ ವಾಪಸು. ಉಳಿದವರು ಮೇಲೆ ಹೋದೆವು. ಹುಲ್ಲುಗಾವಲು ಗಾಳಿಗೆ ಅಲೆ ಅಲೆಯಾಗಿ ಬಾಗುತ್ತದೆ. ಗುಡ್ಡಗಳ ಸಂದಿಯಲ್ಲಿ ಮಾತ್ರ ಕಪ್ಪು ಹಸಿರು ಕಾಡು, ಶೋಲಾ ಅನ್ನುತ್ತಾರಲ್ಲ ಅದು. ಮಳೆಗಾಲದಲ್ಲಿ ಸುರಿದ ನೀರನ್ನು ಈ ಹುಲ್ಲು, ಈ ಕಾಡು ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮಳೆ ಬೀಳುವ ಸೀಮೆ ಇದು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಇದೇ ಸಾಲಿನ ಗಂಗಾಮೂಲದಲ್ಲಿ ಹುಟ್ಟುತ್ತವೆ.

ನಮ್ಮಲ್ಲಿ ಒಬ್ಬರ ಊರು ದಾವಣಗೆರೆ ಹತ್ತಿರ. ಅವರ ಗದ್ದೆಗೆ ಬರುವುದು ಭದ್ರಾ ನಾಲೆಯ ನೀರು. "ನಮ್ಮ ಭತ್ತದ ಬೇರು ಇಲ್ಲಿದೆ ನೋಡಿ" ಎಂದು ಮಗಳಿಗೆ ತೋರಿಸುತ್ತಿದ್ದರು. ಹುಡುಗಿ ಒಂದು ತೊರೆಯಲ್ಲಿ ಬೊಗಸೆ ನೀರು ಕುಡಿದು, "ಇದು ನಮ್ಮೂರಿಗೆ ಯಾವಾಗ ಬರುತ್ತೆ?" ಅಂತ ಕೇಳಿದಳು.

ಆ ನೀರು ಒಂದು ಕಾಲಕ್ಕೆ ಕೆಂಪಾಗಿ ಬರುತ್ತಿತ್ತು.

1913ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಈ ಬೆಟ್ಟಗಳಲ್ಲಿ ಕಬ್ಬಿಣದ ಅದಿರನ್ನು ಗುರುತಿಸಿದರು. ಆದರೆ ಆಗ ಯಾರೂ ಅಗೆಯಲು ಬರಲಿಲ್ಲ. ಅದಿರಿನಲ್ಲಿ ಕಬ್ಬಿಣದ ಪ್ರಮಾಣ ಕಡಿಮೆ, ನೂರಕ್ಕೆ 38ರ ಆಸುಪಾಸು. ಜೊತೆಗೆ ದಾರಿಯಿಲ್ಲ, ಮಳೆ ಬಿಡುವುದಿಲ್ಲ. ಬಳ್ಳಾರಿ ಸೀಮೆಯಲ್ಲಿ ಅಗೆದು ಹಾಗೇ ಲಾರಿಗೆ ತುಂಬುವಂಥ ಅದಿರು ಇರುವಾಗ ಇಲ್ಲಿಗೆ ಯಾರು ಬರುತ್ತಾರೆ? ಹೀಗೆ ಅರವತ್ತು ವರ್ಷ ಬೆಟ್ಟ ಉಳಿಯಿತು. ಯಾರೋ ಉಳಿಸಿದ್ದಕ್ಕಲ್ಲ, ಲೆಕ್ಕ ಗಿಟ್ಟದ್ದಕ್ಕೆ.

ಲೆಕ್ಕ ಗಿಟ್ಟಿಸಿದ್ದು ಇರಾನಿನ ದೊರೆ. 1970ರ ದಶಕದಲ್ಲಿ ಪೆಟ್ರೋಲ್ ಬೆಲೆ ಏರಿ ಇರಾನಿನ ಷಾ ಬಳಿ ಹಣ ಹೊಳೆಯಾಗಿ ಹರಿಯುತ್ತಿತ್ತು. ದೊಡ್ಡ ಉಕ್ಕಿನ ಕಾರ್ಖಾನೆಗಳ ಕನಸು ಅವನಿಗೆ. 1975ರಲ್ಲಿ ಭಾರತದ ಜೊತೆ ಒಪ್ಪಂದವಾಯಿತು: ಇರಾನ್ 63 ಕೋಟಿ ಡಾಲರ್ ಸಾಲ ಕೊಡುತ್ತದೆ, ಕುದುರೆಮುಖದ ಅದಿರನ್ನು ತಾನೇ ಕೊಳ್ಳುತ್ತದೆ. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಕೇಂದ್ರ ಸರ್ಕಾರದ್ದೇ ಕಂಪನಿ.

ಆಮೇಲೆ ನಡೆದದ್ದು ಆ ಮಳೆಯಲ್ಲಿ, ಆ ಗುಡ್ಡದಲ್ಲಿ ಸಣ್ಣ ಕೆಲಸವಲ್ಲ. ಎಂಜಿನಿಯರುಗಳ, ಕೂಲಿಗಳ ಶ್ರಮವನ್ನು ನಾವು ಹಗುರವಾಗಿ ಮಾತಾಡುವುದಿಲ್ಲ. ಅದಿರನ್ನು ಅಗೆದು, ಹಿಟ್ಟು ಮಾಡಿ, ಕಬ್ಬಿಣದ ಅಂಶವನ್ನು ಬೇರೆ ಮಾಡಿ, ನೀರಿಗೆ ಕಲಸಿ ರಾಡಿಯಂತೆ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಮುಟ್ಟಿಸುವುದು. ಹೇರೆತ್ತು ಇಳಿಯುತ್ತಿದ್ದ ಘಟ್ಟವನ್ನು ಈಗ ಬೆಟ್ಟವೇ ಇಳಿಯುತ್ತಿತ್ತು. ವರ್ಷಕ್ಕೆ 75 ಲಕ್ಷ ಟನ್ ಕಬ್ಬಿಣದ ಪುಡಿ ತೆಗೆಯುವ ಗುರಿ. ಅದಕ್ಕೆ ಅಗೆಯಬೇಕಾದ ಅದಿರು ಸುಮಾರು ಅದರ ಮೂರು ಪಟ್ಟು. ಉಳಿದ ಎರಡು ಪಾಲು ಎಲ್ಲಿಗೆ? ಭದ್ರೆಗೆ ಸೇರುವ ಲಕ್ಯಾ ಹೊಳೆಗೆ ಅಡ್ಡವಾಗಿ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ನೀರಿಗಾಗಿ ಕಟ್ಟಿದ ಅಣೆಕಟ್ಟು ಅನ್ನುವುದಕ್ಕಿಂತ ಕೆಸರಿಗಾಗಿ ಕಟ್ಟಿದ್ದು ಅನ್ನಬೇಕು. ಕಣಿವೆಯ ತುಂಬ ಹೂಳು.

ಇಷ್ಟೆಲ್ಲ ಸಿದ್ಧವಾಗುವ ಹೊತ್ತಿಗೆ 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಷಾ ದೇಶ ಬಿಟ್ಟು ಓಡಿದ. ಹೊಸ ಸರ್ಕಾರಕ್ಕೆ ಅದಿರು ಬೇಕಾಗಿರಲಿಲ್ಲ. ಕೊಡುತ್ತೇವೆ ಎಂದಿದ್ದ 63 ಕೋಟಿಯಲ್ಲಿ ಬಂದಿದ್ದು 25.5 ಕೋಟಿ ಡಾಲರ್. ಉಳಿದದ್ದನ್ನು ಭಾರತ ಸರ್ಕಾರವೇ ಹಾಕಿ 1980ರಲ್ಲಿ ಸ್ಥಾವರ ಶುರುಮಾಡಿತು, ಬೇರೆ ದೇಶಗಳ ಗಿರಾಕಿ ಹುಡುಕಿತು. 1987ರಲ್ಲಿ ಮಂಗಳೂರಿನಲ್ಲಿ ಅದಿರಿನ ಉಂಡೆ ಕಟ್ಟುವ ಘಟಕವೂ ಬಂತು.

ಅದೇ 1987ರಲ್ಲಿ ಇನ್ನೊಂದು ಕಾಗದವೂ ಬಂತು. ಸಿಂಗಳೀಕಗಳ ಬಗ್ಗೆ ಈ ಕಾಡಿನಲ್ಲಿ ಉಲ್ಲಾಸ ಕಾರಂತರು ಸಮೀಕ್ಷೆ ಮಾಡಿದ್ದರು. ಆ ಕಪ್ಪು ಮೈಯ, ಸಿಂಹದ ಹಾಗೆ ಕೇಸರವಿರುವ ಕೋತಿಗೆ ಇದು ಮುಖ್ಯ ನೆಲೆ ಎಂದು ಗೊತ್ತಾಗಿತ್ತು. ಸುಮಾರು 600 ಚದರ ಕಿಲೋಮೀಟರ್ ಕಾಡನ್ನು ರಾಷ್ಟ್ರೀಯ ಉದ್ಯಾನ ಮಾಡುವ ಅಧಿಸೂಚನೆ ಹೊರಟಿತು. ಅಂದರೆ ಒಂದೇ ಬೆಟ್ಟಸಾಲಿನಲ್ಲಿ ಒಂದು ಕಡೆ ಸರ್ಕಾರದ ಗಣಿ, ಅದರ ಸುತ್ತ ಸರ್ಕಾರದ ಉದ್ಯಾನ. ಗಣಿಗೆ ಡೈನಮೈಟ್ ಇಡಬಹುದು, ಉದ್ಯಾನದಲ್ಲಿ ಸೌದೆ ಆರಿಸಬಾರದು.

ಭಾನುವಾರ ಬೆಳಿಗ್ಗೆ ನಾವು ಮಕ್ಕಳನ್ನು ಕರೆದುಕೊಂಡು ಕುದುರೆಮುಖ ಪಟ್ಟಣಕ್ಕೆ ಹೋದೆವು. ಗಣಿಗಾಗಿ ಎದ್ದ ಊರು. ಮಲ್ಲೇಶ್ವರ ಎಂಬ ಹಳ್ಳಿಯ ಜಾಗದಲ್ಲಿ ಸಾಲು ಸಾಲು ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ. ಈಗ ಕೆಲವು ಸಿಬ್ಬಂದಿ ಬಿಟ್ಟರೆ ಊರು ಖಾಲಿ. ಬಾಗಿಲಿಲ್ಲದ ಮನೆಗಳು, ತಾರಸಿಯ ಮೇಲೆ ಪಾಚಿ, ಕಿಟಕಿಯೊಳಗಿಂದ ಹೊರಗೆ ಬಂದ ಗಿಡ. ನಮ್ಮ ಮಕ್ಕಳಿಗೆ ಅದು ದೆವ್ವದ ಊರು. ಹನ್ನೆರಡು ವರ್ಷದವನು ಮೊಬೈಲ್ ತೆಗೆದು ವಿಡಿಯೋ ಮಾಡತೊಡಗಿದ. ಅಲ್ಲಿ ಚಹಾ ಅಂಗಡಿಯಲ್ಲಿ ಸಿಕ್ಕ ಹಿರಿಯರೊಬ್ಬರು ತಾವು ಗಣಿಯಲ್ಲಿ ಕೆಲಸ ಮಾಡಿದವರು ಎಂದರು. "ದೆವ್ವ ಎಂತ ಉಂಟು ಮಗಾ, ಅಗೋ ಆ ಮನೆಯಲ್ಲಿ ನನ್ನ ಮಗಳು ಹುಟ್ಟಿದ್ದು" ಎಂದು ಕೈ ತೋರಿಸಿದರು. ಹುಡುಗ ಮೊಬೈಲ್ ಜೇಬಿಗಿಟ್ಟ.

ಗಣಿಯ ಗುತ್ತಿಗೆ 30 ವರ್ಷದ್ದು, 1999ರಲ್ಲಿ ಮುಗಿಯಿತು. ಕಂಪನಿಗೆ ಇನ್ನೂ ಬೇಕಿತ್ತು. ಪಕ್ಕದ ಗುಡ್ಡಗಳ ಮೇಲೂ ಕಣ್ಣಿತ್ತು. ಆ ಹೊತ್ತಿಗೆ ವಿರೋಧ ಬೆಳೆದಿತ್ತು. ಮಳೆಗಾಲದಲ್ಲಿ ಗಣಿಯಿಂದ ಕೊಚ್ಚಿ ಬಂದ ಮಣ್ಣು ಭದ್ರೆಯಲ್ಲಿ ಹರಿದು ಕೆಳಗಿನ ಜಲಾಶಯ ಸೇರುತ್ತಿದೆ ಎಂಬುದು ಹೊಳೆ ದಂಡೆಯವರಿಗೆ ಕಣ್ಣಿಗೆ ಕಾಣುವ ಸಂಗತಿ. ತುಂಗಾ ಮೂಲ ಉಳಿಯಬೇಕೆಂದು ಶಿವಮೊಗ್ಗ ಕಡೆಯವರು ಬೀದಿಗಿಳಿದರು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದು ನಿವೃತ್ತರಾದ ಕೊಡಗಿನ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು: 2005ರ ಕೊನೆಯೊಳಗೆ ಗಣಿ ನಿಲ್ಲಬೇಕು. 2005ರ ಡಿಸೆಂಬರ್ 31ಕ್ಕೆ ಕುದುರೆಮುಖದಲ್ಲಿ ಅಗೆತ ನಿಂತಿತು. ಮಂಗಳೂರಿನ ಉಂಡೆ ಘಟಕಕ್ಕೆ ಆಮೇಲೆ ಬೇರೆ ಕಡೆಯಿಂದ ಅದಿರು ತರಿಸಿದರು. 2012ರಲ್ಲಿ ಪಶ್ಚಿಮ ಘಟ್ಟ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಕುದುರೆಮುಖವೂ ಅದರಲ್ಲಿತ್ತು.

ಗಣಿ ನಿಂತಿದ್ದು ಸರಿ ಎನ್ನುವುದರಲ್ಲಿ ನಮ್ಮಲ್ಲಿ ಎರಡು ಮಾತಿಲ್ಲ. ಭದ್ರೆಯ ನೀರು ಕುಡಿಯುವ ಯಾರೂ ಬೇರೆ ಹೇಳಲಾರರು. ಆದರೆ ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಕಂಪನಿ ಒಂದು ಕಡೆ, ಪರಿಸರದವರು ಇನ್ನೊಂದು ಕಡೆ, ನಡುವೆ ಕೋರ್ಟು, ಶುಭಂ. ನಾವು ಎರಡು ರಾತ್ರಿ ಅನ್ನ ಉಂಡ ಮನೆ ಈ ಕಥೆಯಲ್ಲಿ ಎಲ್ಲೂ ಬರುವುದಿಲ್ಲ.

ಉದ್ಯಾನದ ಗೆರೆ ಎಳೆದಾಗ ಅದರೊಳಗೆ ಊರುಗಳಿದ್ದವು. ಮಲೆಕುಡಿಯರ ಹಾಡಿಗಳಿದ್ದವು, ಅಡಿಕೆ, ಭತ್ತ, ಏಲಕ್ಕಿ ಮಾಡಿಕೊಂಡಿದ್ದ ಒಂಟಿ ಮನೆಗಳಿದ್ದವು. ಮನೆ ಇದ್ದಲ್ಲೇ ಇತ್ತು, ಅದರ ಸುತ್ತ ಕಾನೂನು ಬದಲಾಯಿತು. ರಸ್ತೆ ಮಾಡುವಂತಿಲ್ಲ, ಕರೆಂಟಿನ ಕಂಬ ನೆಡಲು ಅನುಮತಿ ಬೇಕು, ಜೇನು ಕೀಳಲು ಹೋದರೆ ಕೇಸು. ಗಣಿ ಇದ್ದಾಗ ಬೆಟ್ಟದ ಆ ಬದಿಯಲ್ಲಿ ರಾತ್ರಿಯೆಲ್ಲ ಹಗಲಿನ ಹಾಗೆ ದೀಪ. ಈ ಬದಿಯ ಮನೆಗಳಲ್ಲಿ ಸೀಮೆಎಣ್ಣೆ ಬುಡ್ಡಿ. ಅಜ್ಜಿ ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಚಕ್ಕುಲಿ ಡಬ್ಬಿ ಮಕ್ಕಳ ಕಡೆ ಸರಿಸುತ್ತಾ ಹೇಳಿದರು.

ಒಕ್ಕಲೆಬ್ಬಿಸುತ್ತಾರೆ ಎಂಬ ಭಯದಲ್ಲಿ ಜನ ಸಂಘಟಿತರಾದರು. ಆ ಅಸಮಾಧಾನದ ನಡುವೆ ಬಂದೂಕೂ ಕಾಡಿಗೆ ಬಂತು. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಸತ್ತರು. ಅಲ್ಲಿಂದ ಕೆಲವು ವರ್ಷ ಈ ಹಳ್ಳಿಗಳಿಗೆ ರಾತ್ರಿ ಯಾರು ಬಾಗಿಲು ತಟ್ಟಿದರೂ ಹೆದರಿಕೆ. ಆ ವರ್ಷಗಳ ಬಗ್ಗೆ ಕೇಳಿದಾಗ ಮನೆಯ ಯಜಮಾನರು, ನಾವು ಅಣ್ಣ ಎಂದು ಕರೆಯುತ್ತಿದ್ದವರು, "ಅದು ಬೇಡ ಬಿಡಿ" ಎಂದರು. ನಾವೂ ಬಿಟ್ಟೆವು.

ಅವರು ಮಾತಾಡಬೇಕು ಎಂದುಕೊಂಡಿದ್ದು ಬೇರೆ. ಶನಿವಾರ ರಾತ್ರಿ ಮಕ್ಕಳು ಟೆಂಟ್ ಸೇರಿದ ಮೇಲೆ ಒಂದು ಫೈಲ್ ತಂದರು. ನಾವು ಪೇಪರಿನವರು ಎಂದು ಗೊತ್ತಾಗಿತ್ತಲ್ಲ. ಒಳಗೆ ಕಂದಾಯದ ರಸೀದಿಗಳು, ರೇಷನ್ ಕಾರ್ಡಿನ ಜೆರಾಕ್ಸ್, ಶಾಲೆಯ ದಾಖಲಾತಿ ಪತ್ರ, ಇಂಗ್ಲಿಷಿನಲ್ಲಿದ್ದ ಒಂದು ಪುಟದ ಹಿಂಬರಹ. ಅರಣ್ಯ ಹಕ್ಕು ಕಾಯ್ದೆಯಡಿ ಹಾಕಿದ ಅರ್ಜಿಗೆ ಬಂದ ಉತ್ತರ. ದಾಖಲೆ ಸಾಲದು ಎಂಬುದು ಅದರ ಸಾರ.

2006ರ ಆ ಕಾಯ್ದೆ ಹೇಳುವುದು ಇಷ್ಟು. 2005ರ ಡಿಸೆಂಬರ್ 13ಕ್ಕೆ ಮೊದಲೇ ಕಾಡಿನಲ್ಲಿ ನೆಲೆಸಿ ಅದನ್ನೇ ನಂಬಿ ಬದುಕುತ್ತಿದ್ದ ಪರಿಶಿಷ್ಟ ಪಂಗಡದವರಿಗೆ ಆ ನೆಲದ ಮೇಲೆ ಹಕ್ಕು ಕೇಳಲು ಅವಕಾಶವಿದೆ. ಪರಿಶಿಷ್ಟ ಪಂಗಡದವರಲ್ಲದಿದ್ದರೆ ಆ ದಿನಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ತಾವು ಕಾಡಿನ ವಾಸಿಗಳು ಎಂದು ತೋರಿಸಬೇಕು. ಈ ಮನೆಯವರು ಎರಡನೇ ಸಾಲಿನವರು. 1930ರ ಹಿಂದಿನ ಕಾಗದ ಬೇಕು. ಬೆಟ್ಟದ ಒಂದು ಮಗ್ಗುಲು ಮೈಸೂರು, ಇನ್ನೊಂದು ಮಗ್ಗುಲು ಮದರಾಸು ಆಗಿದ್ದ ಕಾಲ ಅದು. ಆ ಕಾಲದಲ್ಲಿ ಇಲ್ಲಿ ಅದಿರು ಇದೆ ಎಂಬುದಕ್ಕೆ ಕಾಗದವಿದೆ. ಬಂಗಲೆ ಇತ್ತು ಎಂಬುದಕ್ಕೆ ಗೋಡೆಯಿದೆ. ಆ ಬಂಗಲೆಗೆ ಸಾಮಾನು ಹೊತ್ತವರು ಎಲ್ಲಿಂದ ಬಂದರು, ಅವರ ಮನೆ ಎಲ್ಲಿತ್ತು ಎಂಬುದಕ್ಕೆ ಕಾಗದ ಯಾರು ಬರೆದಿಟ್ಟಿದ್ದಾರೆ?

ಇಲ್ಲಿ ನಮ್ಮ ಓದುಗರಿಗೆ, ಅದರಲ್ಲೂ ಮಲೆನಾಡಿನ ಓದುಗರಿಗೆ, ಒಂದು ಮಾತು ಬಿಡಿಸಿ ಹೇಳಬೇಕು. ಕಾಯ್ದೆಯ ನಿಯಮಗಳಲ್ಲಿ ಸಾಕ್ಷಿ ಎಂದರೆ ರಸೀದಿ, ಪಹಣಿ ಮಾತ್ರ ಅಲ್ಲ. ಹಳೆಯ ಗೆಜೆಟಿಯರ್, ಜನಗಣತಿ, ಸರ್ವೆ ನಕ್ಷೆ ಆಗುತ್ತದೆ. ಮನೆಯ ತಳಪಾಯ, ಬಾವಿ, ಸಮಾಧಿ, ಪೂಜೆ ನಡೆಯುವ ಜಾಗ ಆಗುತ್ತದೆ. ಊರಿನ ಹಿರಿಯರು ಹೇಳಿ ಬರೆಸಿದ ಹೇಳಿಕೆಯೂ ಆಗುತ್ತದೆ. ಇವುಗಳಲ್ಲಿ ಒಂದೇ ಸಾಲದು, ಒಂದಕ್ಕಿಂತ ಹೆಚ್ಚು ಬೇಕು. ಅರ್ಜಿ ಮೊದಲು ನೋಡಬೇಕಾದದ್ದು ಗ್ರಾಮಸಭೆ ಮತ್ತು ಅದು ಆರಿಸಿದ ಅರಣ್ಯ ಹಕ್ಕು ಸಮಿತಿ. ಇದನ್ನು ಅಣ್ಣನಿಗೆ ಯಾರೂ ಹೇಳಿರಲಿಲ್ಲ. ಅವರು ಕೊಟ್ಟಿದ್ದು ರಸೀದಿಗಳನ್ನು ಮಾತ್ರ.

"ಬಾವಿ ಉಂಟು" ಎಂದರು ಅವರು. "ಅಜ್ಜನ ಅಪ್ಪ ತೋಡಿಸಿದ್ದು. ನೀವು ಬೆಳಿಗ್ಗೆ ಮುಖ ತೊಳೆದದ್ದು ಅದೇ ನೀರಲ್ಲಿ."

ಹತ್ತಿರದ ಕೆಲವು ಮನೆಗಳವರು ಪುನರ್ವಸತಿಯ ಹಣ ತೆಗೆದುಕೊಂಡು ಕೆಳಗೆ ಹೋಗಿದ್ದಾರೆ. ಹೋದವರನ್ನು ಇವರು ದೂರುವುದಿಲ್ಲ. ಆಸ್ಪತ್ರೆ ದೂರ, ಮಕ್ಕಳ ಕಾಲೇಜು ದೂರ, ಮಳೆಗಾಲದಲ್ಲಿ ಹೊಳೆ ದಾಟುವ ಕಷ್ಟ ಅವರಿಗೂ ಗೊತ್ತು. ಇವರ ಮಗಳು ಉಜಿರೆಯಲ್ಲಿ ಓದುತ್ತಾಳೆ. ಹೋಂಸ್ಟೇ ಶುರು ಮಾಡಿದ್ದೇ ಅವಳ ಫೀಸಿಗೆ. ಶನಿವಾರ, ಭಾನುವಾರ ಬೆಂಗಳೂರಿನಿಂದ ಬರುವ ಚಾರಣಿಗರ ಜೀಪು, ಊಟ, ಗೈಡ್ ಕೆಲಸ, ಇದರಿಂದ ಈ ಬದಿಯ ಹತ್ತಾರು ಮನೆಗಳಿಗೆ ನಾಲ್ಕು ಕಾಸು ಬರುತ್ತಿದೆ. ಬೆಟ್ಟದ ಹೆಸರಿನಲ್ಲಿ ಬೆಟ್ಟದ ಬುಡದವರಿಗೆ ನೇರವಾಗಿ ಬಂದ ಮೊದಲ ದುಡ್ಡು ಇದೇ ಇರಬೇಕು. ಬರುವವರು ಪ್ಲಾಸ್ಟಿಕ್ ಬಿಟ್ಟು ಹೋಗುತ್ತಾರೆ, ರಾತ್ರಿ ಹಾಡು ಹಾಕಿ ಕುಣಿಯುತ್ತಾರೆ ಎಂಬ ದೂರೂ ಇದೆ. ನಾವು ಹೋದ ವಾರವೂ ಪಕ್ಕದ ಮನೆಯ ಅಂಗಳದಲ್ಲಿ ಹನ್ನೊಂದರವರೆಗೆ ಸ್ಪೀಕರ್ ಕೂಗುತ್ತಿತ್ತು.

ಅಜ್ಜಿಯ ಹೇಳಿಕೆಯನ್ನು ನಾವು ಫೋನಿನಲ್ಲಿ ರೆಕಾರ್ಡ್ ಮಾಡಿದೆವು, ನಲವತ್ತು ನಿಮಿಷ. ಅವರು ಮದುವೆಯಾಗಿ ಈ ಮನೆಗೆ ಬಂದಾಗ ಇದ್ದ ಮಾವ, ಮಾವ ಹೇಳುತ್ತಿದ್ದ ಅವರ ಅಪ್ಪನ ಮಾತು, ಯಾವ ಮಳೆಗಾಲದಲ್ಲಿ ಹಳೆ ಮನೆ ಬಿದ್ದಿತ್ತು, ಯಾವ ಮರದ ಕೆಳಗೆ ದೈವದ ಕಲ್ಲಿದೆ, ಎಲ್ಲ. ನಡುನಡುವೆ ಮಕ್ಕಳು ಬಂದು ನೀರು ಕೇಳಿದ್ದೂ, ನಾಯಿ ಬೊಗಳಿದ್ದೂ ಅದರಲ್ಲಿದೆ. ಅದನ್ನು ಕಾಗದಕ್ಕೆ ಇಳಿಸಿ, ಓದಿ ಹೇಳಿ, ಅವರ ಹೆಬ್ಬೆಟ್ಟು ಹಾಕಿಸಿ ಗ್ರಾಮಸಭೆಗೆ ಕೊಡಬೇಕು. ಸಭೆ ಮುಂದಿನ ತಿಂಗಳು ಇದೆಯಂತೆ. ಬಾವಿಯ ಕಟ್ಟೆಯ ಅಳತೆಯನ್ನು ನಮ್ಮ ಹನ್ನೆರಡು ವರ್ಷದವನು ಟೇಪು ಹಿಡಿದು ತೆಗೆದ, ಒಂಬತ್ತು ವರ್ಷದವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನಾವು ಹೊರಡುವಾಗ ಅಣ್ಣ ಆ ಹಾಳೆಯನ್ನೂ ಇಸಿದುಕೊಂಡು ಫೈಲಿನಲ್ಲಿಟ್ಟರು.